ಹೆಂಡಕ್ಕೊಂದು ಮಾತು, ಹೆಂಡತಿಗೊಂದು ಮಾತು

ಜಿಪುಣನು ತಾನು ಜಾಣನೆಂದು ಹೇಳಿಕೊಳ್ಳಬಹುದು, ದುಂದುಗಾರನು ಧಾರಾಳಿ ಎನ್ನಿಸಿಕೊಳ್ಳಬಹುದು. ಕುಡುಕನಿಗೆ ಮಾತ್ರ ಹಾಗೆ ಹೆಸರನ್ನು ಎರವಲು ಕೊಡುವ ಸದ್ಗುಣ ಯಾವುದೂ ಇಲ್ಲವಾದ್ದರಿಂದ ಸುತ್ತುಬಳಸಿನ ಮಾತುಗಳೇ ಗತಿ ಎಂದು ಬೆಂಜಮಿನ್ ಫ್ರಾಂಕ್ಲಿನ್ 1737ರಲ್ಲಿ ತನ್ನ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ ಬರೆದ. ಅಷ್ಟಕ್ಕೇ ಬಿಡದೆ, ಪಡಖಾನೆಗಳಲ್ಲಿ ಕೇಳಿಬರುತ್ತಿದ್ದ ಇನ್ನೂರಕ್ಕೂ ಹೆಚ್ಚು ನುಡಿಗಟ್ಟುಗಳನ್ನು ಅಕಾರಾದಿಯಾಗಿ ಜೋಡಿಸಿ ಕುಡುಕರ ನಿಘಂಟೊಂದನ್ನೇ ಅಚ್ಚು ಹಾಕಿಸಿದ.

ಅದರ ಪ್ರಕಾರ ಕುಡಿದವನು ಕುಡಿದಿರುವುದೇ ಇಲ್ಲ. ಅವನು ರಮ್ ಬಟ್ಟಿಯಿಳಿಸುವ ಬಾರ್ಬಡೋಸಿಗೆ ಹೋಗಿ ಬಂದಿದ್ದಾನೆ. ಅವನಿಗೆ ಎರಡು ಚಂದ್ರ ಕಂಡಿದೆ. ಜೋಡು ಕಾಲನ್ನು ಕಚ್ಚುತ್ತಿದೆ. ಸಾಕ್ಷಾತ್ ದೊರೆಯೇ ಅವನಿಗೆ ದಾಯಾದಿ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ‘ವರ್ಜೀನಿಯಾ ಬೇಲಿ ಹಾಕುತ್ತಿದ್ದಾನೆ’ ಎಂಬುದು. ಅಲ್ಲಿನ ರೈತರು ಗುಂಡಿ ತೋಡಿ ಕಂಬ ನೆಡುವ ಗೋಜಿಗೆ ಹೋಗದೆ, ಸೀಳಿದ ಮರದ ತೊಲೆಗಳನ್ನು ತುದಿಗೆ ತುದಿ ಹೇರಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸುತ್ತ ಹೊಲದ ಸುತ್ತ ಬೇಲಿ ಎಬ್ಬಿಸುತ್ತಿದ್ದರು. ನಡುರಾತ್ರಿ ಮನೆಗೆ ಹೊರಟವನ ಹೆಜ್ಜೆಯ ಜಾಡನ್ನು ಇದಕ್ಕಿಂತ ಕರಾರುವಾಕ್ಕಾಗಿ ಹೇಳುವುದು ಕಷ್ಟ. ‘ಎಣ್ಣೆ ಹಚ್ಚಿಸಿಕೊಂಡವನು’ ಎಂಬ ಮಾತೂ ಆ ಪಟ್ಟಿಯಲ್ಲಿದೆ. ಬೆಂಗಳೂರಿನ ಎಣ್ಣೆಪ್ರಿಯರು ತಾವೇ ಮೊದಲಿಗರೆಂದು ಬೀಗುವಂತಿಲ್ಲ.

ಕುಡುಕನ ಮೇಲೆ ಇಷ್ಟೊಂದು ಕರುಣೆ ಸುರಿಸಿದ ಗಂಡಸರ ನಾಲಿಗೆ ಮನೆಯಾಕೆಯ ವಿಷಯ ಬಂದೊಡನೆ ಲೆಕ್ಕಪತ್ರಕ್ಕೆ ಇಳಿಯುತ್ತದೆ. ಸ್ಥೂಲಕಾಯದ, ಹಾಸ್ಯಪ್ರಿಯನಾದ ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಬೀದಿಮಾತಿನ ನಿಘಂಟನ್ನು ತೆರೆದರೆ ಹೆಂಡತಿ ‘ಕಾನೂನುಬದ್ಧ ಕಂಬಳಿ’, ಜಗಳಗಂಟಿಯಾದರೆ (ಮೊದಲ ಹೆಣ್ಣು ಗಂಡಿನ ಪಕ್ಕೆಲುಬಿನಿಂದ ಹುಟ್ಟಿದಳೆಂಬ ಬೈಬಲಿನ ಕಥೆಯನ್ನು ನೆನೆದು) ‘ಸೊಟ್ಟ ಪಕ್ಕೆಲುಬು’, ಇಟ್ಟುಕೊಂಡವಳು ಬರೀ ‘ಅನುಕೂಲ’. ಒಲವಿನ ವಾಸನೆಯೂ ಇಲ್ಲದ ಈ ಹೆಸರುಗಳಲ್ಲಿ ಹೊದಿಕೆ, ಮೂಳೆ, ಉಪಯೋಗಗಳಷ್ಟೇ ಇವೆ.

ಆದರೂ ಅದೇ ನಿಘಂಟಿನ ಇನ್ನೊಂದು ನಮೂದಿನಲ್ಲಿ ಹೆಂಡವೂ ಹೆಂಡತಿಯೂ ಎದುರುಬದುರಾಗುತ್ತವೆ. ಮಾಲೀಕನ ಮರ್ಜಿ ಇರುವಷ್ಟು ದಿನ ಮಾತ್ರ ಉಳಿದು, ಏಳು ಎಂದಾಗ ಎದ್ದುಹೋಗಬೇಕಾದ ಬಾಡಿಗೆದಾರನಿಗೆ ಇಂಗ್ಲೆಂಡಿನ ಕಾಯಿದೆಯಲ್ಲಿರುವ ಹೆಸರನ್ನೇ, ಪಡಖಾನೆಗೆ ಹೆಂಡತಿ ಬಂದು ಎಬ್ಬಿಸಿಕೊಂಡು ಹೋಗುವ ಗಂಡನಿಗೆ ಇಡಲಾಗಿದೆ. ಒಕ್ಕಲೆಬ್ಬಿಸುವ ಅಧಿಕಾರ ಯಾರದೆಂಬ ಬಗ್ಗೆ ಬೆಂಚಿನ ಮೇಲೆ ಕುಳಿತವರಿಗೆ ಸಂಶಯವಿದ್ದಂತೆ ಕಾಣುವುದಿಲ್ಲ.