ಜಲಪಾತಕ್ಕೆ ಹೊರಟು ಬನ್ನೂರು ಕಂಡಿದ್ದು

ಆ ಭಾನುವಾರ ನಮ್ಮ ಆಫೀಸಿನ ತಂಡ ಶಿವನಸಮುದ್ರಕ್ಕೆ ಹೊರಟಿತ್ತು. ಹನ್ನೆರಡು ಸೀಟಿನ ಟಿಟಿ, ಹತ್ತು ಜನ, ಒಂದು ಡಬರಿ ಪುಳಿಯೋಗರೆ, ಮತ್ತು ನಾನು. ನಾನು ಅಂದ್ರೆ ಟೀಮ್ ಲೀಡು. ಡ್ರೈವರ್ ಪಕ್ಕದ ಸೀಟು ಯಾರೂ ಕೊಡದಿದ್ದರೂ ನನ್ನದೇ.

"ಮ್ಯಾಪ್ ಹಾಕ್ಲಾ ಸರ್?" ಅಂತ ಡ್ರೈವರ್ ಕೇಳಿದ. ಏನೂ ಬೇಡ, ಈ ರಸ್ತೆ ನನಗೆ ಅಂಗೈ ಇದ್ದ ಹಾಗೆ ಎಂದೆ. ಆ ಕಡೆ ನಾನು ಕೊನೆಯ ಸಲ ಹೋಗಿದ್ದು ಕಾಲೇಜಿನಲ್ಲಿದ್ದಾಗ. ಅದೂ ರಾತ್ರಿ. ಅದೂ ನಿದ್ದೆ ಮಾಡಿಕೊಂಡು.

ಕನಕಪುರ ದಾಟುತ್ತಿದ್ದಂತೆ ಗಾಡಿಯಲ್ಲೊಂದು ಮೈಕ್ ಇರುವುದು ನನ್ನ ಕಣ್ಣಿಗೆ ಬಿತ್ತು. ಅಲ್ಲಿಗೆ ಉಳಿದವರ ಅಂತ್ಯಾಕ್ಷರಿ ಮುಗಿಯಿತು. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿದ್ದು, ಅದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಗಿದ್ದು, ಬೆಂಗಳೂರಿಗೆ ದೀಪ ಬರಲು 1905ರವರೆಗೆ ಕಾಯಬೇಕಾಗಿದ್ದು, ಯೋಜನೆಗೆ ಓಡಾಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡುವ ಮೊದಲೇ 1901ರಲ್ಲಿ ತೀರಿಕೊಂಡಿದ್ದು, ಎಲ್ಲವನ್ನೂ ಇಸವಿ ಸಮೇತ ಒದರಿದೆ. ಮಳವಳ್ಳಿಯಲ್ಲಿ ಡ್ರೈವರ್ ನಿಧಾನ ಮಾಡಿ "ಯಾವ ಕಡೆ ಸರ್?" ಎಂದಾಗ ದಿವಾನರು ತೀರಿಕೊಳ್ಳುವುದರಲ್ಲಿದ್ದರು. ನಾನು ಮೈಕ್ ಬಿಡದೆ ಕೈ ಬೀಸಿದೆ. ಗಾಡಿ ಕೊಳ್ಳೇಗಾಲದ ರಸ್ತೆ ಬಿಟ್ಟು ಮೈಸೂರಿನ ರಸ್ತೆ ಹಿಡಿಯಿತು.

ಎಷ್ಟೋ ಹೊತ್ತಾದ ಮೇಲೆ ಜಲಪಾತದ ಸದ್ದು ಕೇಳಬೇಕಲ್ಲ ಅಂತ ಕಿಟಕಿ ಇಳಿಸಿದೆ. ಬ್ಯಾ ಅಂತು. ರಸ್ತೆ ತುಂಬಾ ಕುರಿ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಮುಂದೆ 'ಬನ್ನೂರು' ಎಂಬ ಬೋರ್ಡು. ಮಟನ್ ತಿನ್ನುವವರು ಬನ್ನೂರು ಕುರಿ ಅಂದರೆ ಕೈ ಮುಗಿಯುತ್ತಾರೆ ನಿಜ, ಆದರೆ ನಾವು ಟವೆಲ್ಲು, ಬದಲಿ ಬಟ್ಟೆ ತಂದಿದ್ದು ಕುರಿ ನೋಡಲಿಕ್ಕಲ್ಲ.

ಎಲ್ಲಕ್ಕಿಂತ ಉರಿದಿದ್ದು ಮುಂದಿನದು. ಹಿಂದಿನ ಸೀಟಿನಲ್ಲಿದ್ದ ಹುಡುಗ, ತಂಡಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು, ಮೆಲ್ಲಗೆ "ಇಲ್ಲೇ ತಿರುಗಿಸ್ಕೊಳ್ಳಿ ಅಣ್ಣ, ವಾಪಸ್ ಮಳವಳ್ಳಿಗೇ ಹೋಗ್ಬೇಕು" ಎಂದು ಡ್ರೈವರ್‌ಗೆ ಹೇಳಿದ.

"ನಿಂಗೆ ಹೇಗೆ ಗೊತ್ತು?"

"ನಮ್ಮೂರೇ ಮಳವಳ್ಳಿ ಸರ್."

"ಮತ್ತೆ ಆವಾಗ್ಲೇ ಹೇಳೋದಲ್ವಾ ಮಾರಾಯ?"

"ನೀವು ಮೈಕಲ್ಲಿದ್ರಿ ಸರ್."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ಒಟ್ಟಿಗೆ ಕಿಟಕಿಯಾಚೆ ಕುರಿ ನೋಡತೊಡಗಿದರು.

ಇದಾಗಿ ಮೂರು ವಾರಕ್ಕೆ ಆಫೀಸಿನಲ್ಲಿ ಒಂದು ಟ್ರೇನಿಂಗು. ಬಂದವರು ಬೋರ್ಡಿನ ಮೇಲೆ ನಾಲ್ಕು ಚೌಕದ ಕಿಟಕಿ ಬರೆದು 'ಜೋಹರಿ ಕಿಟಕಿ' ಎಂದರು. ಜೋಹರಿ ಅಂದ್ರೆ ಹಿಂದಿಯಲ್ಲಿ ಒಡವೆ ವ್ಯಾಪಾರಿ, ಯಾರೋ ಜೈಪುರದ ಸೇಟು ಮಾಡಿದ್ದು ಅಂತ ಪಕ್ಕದವರಿಗೆ ಪಿಸುಗುಟ್ಟಿಯೂ ಬಿಟ್ಟೆ. (ನೋಡಿ, ಚಟ ಹೋಗಿರಲಿಲ್ಲ.) ಅಮೆರಿಕದ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1955ರಲ್ಲಿ ಮಾಡಿದ್ದಂತೆ, ಜೋ ಮತ್ತು ಹ್ಯಾರಿ ಸೇರಿ ಜೋಹರಿ.

ಆಟ ಸುಲಭ. 56 ಗುಣಗಳ ಪಟ್ಟಿ ಇರುತ್ತದೆ. ನಮಗೆ ಹೊಂದುವ ಐದಾರು ನಾವು ಆರಿಸಿಕೊಳ್ಳಬೇಕು, ಅದೇ ಪಟ್ಟಿಯಿಂದ ನಮ್ಮ ಬಗ್ಗೆ ಜೊತೆಯವರೂ ಆರಿಸಬೇಕು. ಎರಡೂ ಕಡೆ ಬಂದಿದ್ದು ತೆರೆದ ಚೌಕಕ್ಕೆ. ಅವರಿಗೆ ಕಂಡು ನಮಗೆ ಕಾಣದ್ದು ಕುರುಡು ಚೌಕಕ್ಕೆ. ನಮಗೆ ಮಾತ್ರ ಗೊತ್ತಿರುವುದು ಮುಚ್ಚಿಟ್ಟ ಚೌಕಕ್ಕೆ. ಯಾರೂ ಆರಿಸದ್ದು ನಾಲ್ಕನೆಯದಕ್ಕೆ. ನಾನು ತಾಳ್ಮೆಗೆ ಟಿಕ್ ಹಾಕಿದೆ. ಸ್ವಲ್ಪ ಯೋಚಿಸಿ ವಿನಯಕ್ಕೂ ಹಾಕಿದೆ.

ತಂಡದವರು ಆರಿಸಿದ್ದರಲ್ಲಿ 'ತಿಳಿದವರು' ಇತ್ತು, 'ಹಟ ಬಿಡದವರು' ಇತ್ತು. ತಾಳ್ಮೆ ಇಲ್ಲ. ವಿನಯಕ್ಕೆ ಟಿಕ್ ಹಾಕಿದವನು ಇಡೀ ಕೋಣೆಯಲ್ಲಿ ನಾನೊಬ್ಬನೇ. ಹಾಗಾಗಿ ಅದು ಮುಚ್ಚಿಟ್ಟ ಚೌಕಕ್ಕೆ ಹೋಯಿತು. ಅಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದೆ ನೋಡಿ, ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರ ಯಾರ ಕೈಗೂ ಸಿಕ್ಕಿರಲಿಲ್ಲ.

ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರ್ "ಹೋಲ್ಡಾನ್!" ಎಂದು ಕೂಗಿದ. ದೊಡ್ಡ ಗಾಡಿ ಗಕ್ಕನೆ ನಿಂತಿತು. ನಾವು ಚಿಕ್ಕವರಿದ್ದಾಗ ಬಸ್ಸಿನ ಚಾವಣಿಯುದ್ದಕ್ಕೂ ಒಂದು ಹಗ್ಗ ಇರುತ್ತಿತ್ತು. ಕಂಡಕ್ಟರ್ ಹಿಂದಿನಿಂದ ಒಮ್ಮೆ ಎಳೆದರೆ ಡ್ರೈವರ್ ಪಕ್ಕ ಗಂಟೆ ಹೊಡೆದು ಬಸ್ ನಿಲ್ಲುತ್ತಿತ್ತು, ಎರಡು ಸಲ ಎಳೆದರೆ ರೈಟ್. ಡ್ರೈವರ್ ಮೂವತ್ತು ವರ್ಷ ಸರ್ವೀಸಿನವನಾಗಿದ್ದರೂ, ಕಂಡಕ್ಟರ್ ನಿನ್ನೆ ಸೇರಿದವನಾಗಿದ್ದರೂ ಅಷ್ಟೇ. ಹಿಂಬಾಗಿಲಲ್ಲಿ ಅಜ್ಜಿಯ ಒಂದು ಕಾಲು ಇನ್ನೂ ನೆಲದ ಮೇಲಿರುವುದು ಡ್ರೈವರ್‌ಗೆ ಕಾಣುವುದಿಲ್ಲ, ಇವನಿಗೆ ಕಾಣುತ್ತದೆ. ಟೊಯೋಟಾ ಕಾರ್ಖಾನೆಗಳಲ್ಲೂ ಇಂಥದ್ದೇ ಹಗ್ಗ ಕಟ್ಟಿದ್ದರಂತೆ, ತಪ್ಪು ಕಂಡ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು, ಮುಂದಾಳು ಓಡಿ ಬರಬೇಕು, ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಅದಕ್ಕೆ ಜಪಾನಿನವರ ಹೆಸರು ಅಂಡಾನ್. ನಮ್ಮದು ಹೋಲ್ಡಾನ್. ಪ್ರಾಸ ಕೂಡ ಕೂಡಿಬಂತು.

ಮಾರನೇ ದಿನ ತಂಡಕ್ಕೆ ಹೇಳಿದೆ: ನಾನು ತಪ್ಪು ದಾರಿ ಹಿಡಿದೆ ಅನ್ನಿಸಿದರೆ ಮುಲಾಜಿಲ್ಲದೆ ಹೋಲ್ಡಾನ್ ಅನ್ನಿ. ಮೊದಲ ವಾರ ಯಾರೂ ಅನ್ನಲಿಲ್ಲ. ನಾನು ಬದಲಾದೆ ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಎರಡನೇ ವಾರ ಅಕೌಂಟ್ಸ್ ಮೇಡಂ ಒಂದೇ ಮೀಟಿಂಗಿನಲ್ಲಿ ನಾಲ್ಕು ಸಲ ಅಂದರು.

ತಿಂಗಳ ಕೊನೆಯ ಮೀಟಿಂಗು. ನಮ್ಮ ದೊಡ್ಡ ಬಾಸ್ ಎದುರಿಗೇ ಇದ್ದಾರೆ. ನಾನು ಲೆಕ್ಕ ಒಪ್ಪಿಸುತ್ತಿದ್ದೆ. ಮಳವಳ್ಳಿ ಹುಡುಗ ಎದ್ದ. "ಹೋಲ್ಡಾನ್ ಸರ್, ಅದು ಹೋದ ತಿಂಗಳ ಅಂಕಿ." ಕಿವಿ ಬಿಸಿಯಾಯಿತು. ಫೈಲು ತೆರೆದು ನೋಡಿದರೆ ನನ್ನದೇ ಸರಿ, ಅವನು ನೋಡುತ್ತಿದ್ದದ್ದು ಹಳೇ ಫೈಲು. ಹಾ! ನಾಲಿಗೆಯ ತುದಿಗೆ ಏನೇನು ಬಂತು ಅಂತ ಕೇಳಬೇಡಿ. ಅಷ್ಟನ್ನೂ ನುಂಗಿ, ನೋಡಿದ್ದು ಒಳ್ಳೇದಾಯ್ತು, ಅಂಕಿ ಸರಿಯಿದೆ ಎಂದೆ. ಇಷ್ಟು ಹೇಳಲು ನನಗೆ ಎರಡು ಗುಟುಕು ನೀರು ಬೇಕಾಯಿತು.

ಸಂಜೆ ಕೆಳಗಿನ ದರ್ಶಿನಿಗೆ ಕರೆದುಕೊಂಡು ಹೋದೆ. ಅವನ ಮುಖ ಸಪ್ಪಗಿತ್ತು. "ಸಾರಿ ಸರ್, ಇನ್ಮೇಲೆ ಸರಿಯಾಗಿ ನೋಡ್ಕೊಂಡೇ ಹೇಳ್ತೀನಿ."

"ಬೇಡಪ್ಪ, ಹೇಳ್ಬಿಡು. ಆಮೇಲೆ ಇಬ್ರೂ ನೋಡೋಣ. ನೀನು ನೋಡ್ಕೊಂಡು ಹೇಳೋಷ್ಟರಲ್ಲಿ ನಾನು ಬನ್ನೂರಲ್ಲಿರ್ತೀನಿ."

ಈ ಸಲ ನಕ್ಕ. ಇಡ್ಲಿ ಸಾಂಬಾರ್ ಬಂತು, ಕಾಫಿ ಬಂತು. ಆ ಖುಷಿಯಲ್ಲಿ ನಾನು, ಈ ಕಾಫಿ ನಮ್ಮ ಚಿಕ್ಕಮಗಳೂರಿಗೆ ಹೇಗೆ ಬಂತು ಗೊತ್ತಾ, ಬಾಬಾ ಬುಡನ್ ಅಂತ ಒಬ್ಬರು ಯೆಮೆನ್‌ನಿಂದ ಏಳು ಬೀಜ ಅಡಗಿಸಿಕೊಂಡು ತಂದರು ಅಂತ ಕಥೆ ಇದೆ ಎಂದು ಟೇಬಲ್ಲಿನ ಮೇಲೆ ಬಗ್ಗಿ ಶುರು ಮಾಡಿದೆ.

"ಹೋಲ್ಡಾನ್ ಸರ್" ಎಂದ.

"ಯಾಕೆ, ಏಳಲ್ವಾ?"

ಅವನು ಏನೂ ಹೇಳದೆ ಬೆರಳು ತೋರಿಸಿದ. ನನ್ನ ಕೊರಳಿನ ಐಡಿ ಕಾರ್ಡು, ಫೋಟೋ ಇರುವ ಕಡೆಯಿಂದ, ಸಾಂಬಾರಿನಲ್ಲಿ ಕತ್ತಿನವರೆಗೆ ಮುಳುಗಿತ್ತು.