ದ್ವೀಪದ ಹೆಸರು ಹೊತ್ತ ಹಾವು

ಗಾಜಿನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಎರಡೇ ಪದಗಳಿದ್ದವು: ಹಾಗ್ ಐಲ್ಯಾಂಡ್. ಒಳಗೆ ಕೊಂಬೆಗೆ ಸುತ್ತಿಕೊಂಡು ಮಲಗಿದ್ದ ಬೋವಾ ಹಗಲಿನಲ್ಲಿ ಬೂದಿ ಬಳಿದುಕೊಂಡಂತೆ ಮಂಕಾಗಿತ್ತು. ಕತ್ತಲಾದ ಮೇಲೆ ಮತ್ತೆ ಹೋಗಿ ನೋಡಿದರೆ, ಅದೇ ಹಾವೇ ಎಂದು ಒಂದು ಕ್ಷಣ ಅನುಮಾನವಾಯಿತು. ಮೈಯೆಲ್ಲ ತಿಳಿಗುಲಾಬಿ. ಬೆನ್ನಿನ ಮಚ್ಚೆಗಳು ಕೆನೆಯಲ್ಲಿ ಕರಗಿದ ಹಾಗೆ ಮಸುಕು. ಬಾಲದ ಕಡೆಯವು ಮಾತ್ರ ಹವಳದ ಬಣ್ಣದಲ್ಲಿ ಎದ್ದು ಕಾಣುತ್ತಿದ್ದವು. ಸಾಕಿದವರನ್ನು ಕೇಳಿದೆ: "ಇದು ಆ ದ್ವೀಪದ್ದೇ ಎಂದು ಹೇಗೆ ಹೇಳುತ್ತೀರಿ?" ಅವರು ಬಾಯಲ್ಲಿ ಏನೂ ಹೇಳದೆ ಒಂದು ಹಳೆಯ ನೋಟ್‌ಪುಸ್ತಕ ತಂದು ನನ್ನ ಮುಂದಿಟ್ಟರು.

ಪ್ರತಿ ಪುಟದಲ್ಲೂ ತಾಯಿ ಯಾವುದು, ತಂದೆ ಯಾವುದು, ಯಾರಿಂದ ಬಂದದ್ದು, ಹುಟ್ಟಿದ ದಿನ, ಬದುಕಿದ ಮರಿಗಳೆಷ್ಟು, ಸತ್ತು ಹುಟ್ಟಿದವೆಷ್ಟು ಎಂಬ ವಿವರ. ಹಿಂದಕ್ಕೆ ಹಿಂದಕ್ಕೆ ತಿರುವುತ್ತಾ ಹೋದರೆ ನಾಲ್ಕನೆಯ ತಲೆಮಾರಿನಲ್ಲಿ ಒಂದು ಸಾಲು: "ಹೊಂಡುರಾಸ್‌ನಿಂದ ತಂದದ್ದು." ಅಷ್ಟೇ. ಈ ಹಾವಿನ ಹೆಸರು ನಿಂತಿರುವುದು ಆ ಒಂದು ಸಾಲಿನ ಮೇಲೆ.

ಅಂದಿನಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಚಾರವನ್ನು ಇಂದು ಬರೆದೇ ಬಿಡುತ್ತೇನೆ. ಊರಿನ ಹೆಸರು ಹೊತ್ತ ಬೋವಾಗಳನ್ನು ನಾವು ಬಣ್ಣಕ್ಕಾಗಿ, ಅಪರೂಪಕ್ಕಾಗಿ ಹೊಗಳುತ್ತೇವೆ. ಆದರೆ ಆ ಹೆಸರು ಹಾವಿನದ್ದಲ್ಲ, ಜಾಗದ್ದು. ಜಾಗವನ್ನು ಮರೆತು ಹಾವನ್ನಷ್ಟೇ ಉಳಿಸಿದ್ದೇವೆ ಎಂದು ಹೇಳಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಪರಿಚಯವಿಲ್ಲದವರಿಗೆ ಎರಡು ಮಾತು. ಬೋವಾ ನೋಡಲು ಹೆಬ್ಬಾವಿನಂತೆಯೇ ಇದ್ದರೂ ಅದು ಬೇರೆಯದೇ ಬಳಗ; ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ, ನಡುವಿನ ಎಷ್ಟೋ ದ್ವೀಪಗಳಲ್ಲೂ ಇವೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನಿಯಸ್ 1758ರಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಎಂದು ಹೆಸರಿಟ್ಟ. ಒಂದೇ ಎಂದುಕೊಂಡಿದ್ದ ಆ ಹಾವನ್ನು ಈಗ ವಿಜ್ಞಾನಿಗಳು ಹಲವು ಪ್ರಭೇದಗಳಾಗಿ ಬಿಡಿಸುತ್ತಿದ್ದಾರೆ. ಆದರೆ ಸಾಕುವವರು ಅದಕ್ಕಿಂತಲೂ ಸೂಕ್ಷ್ಮವಾಗಿ ವಿಂಗಡಿಸುತ್ತಾರೆ: ಸುರಿನಾಮ್, ಇಕಿಟೋಸ್, ಸೊನೋರಾ, ಕ್ರಾಲ್ ಕೇ, ಟಬೋಗಾ. ಹೀಗೆ ನಿರ್ದಿಷ್ಟ ಜಾಗದಿಂದ ಬಂದು, ಬೇರೆ ಜಾಗದ ರಕ್ತ ಬೆರೆಯದೆ ಸಾಕಿದವಕ್ಕೆ ಲೊಕ್ಯಾಲಿಟಿ ಬೋವಾ ಎನ್ನುತ್ತಾರೆ.

ಇದೆಲ್ಲ ಬರೀ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಅವರಿಗೆ ಮಧ್ಯ ಅಮೆರಿಕದ ಬೆಲೀಜ್‌ನ ಉದಾಹರಣೆ ಕೊಡುತ್ತೇನೆ. ಅಲ್ಲಿನ ಪುಟ್ಟ ದ್ವೀಪಗಳ ಬೋವಾಗಳು ಮುಖ್ಯಭೂಮಿಯವುಗಳಿಗಿಂತ ಬಹಳ ಚಿಕ್ಕವು. ಊಟ ಕಡಿಮೆ ಸಿಗುವುದರಿಂದ ಸೊರಗಿವೆಯೇ, ಅಥವಾ ಹುಟ್ಟಿನಿಂದಲೇ ಹಾಗೆಯೇ? ಹಾವುಗಳ ಸಂಶೋಧಕ ಸ್ಕಾಟ್ ಬೊಬ್ಯಾಕ್ ಮತ್ತು ಅವರ ಸಹೋದ್ಯೋಗಿ ದ್ವೀಪದ ತಾಯಂದಿರ ಮರಿಗಳನ್ನೂ ಮುಖ್ಯಭೂಮಿಯ ತಾಯಂದಿರ ಮರಿಗಳನ್ನೂ ಒಂದೇ ಬಗೆಯ ಪರಿಸರದಲ್ಲಿ ಬೆಳೆಸಿ ನೋಡಿದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಸಮನಾಗಿ ಸಾಕಿದರೂ ದ್ವೀಪದ ಮರಿಗಳು ಚಿಕ್ಕದಾಗಿಯೇ ಬೆಳೆದವು. ದೊಡ್ಡ ಬೇಟೆಯಿಲ್ಲದ, ವಲಸೆ ಹಕ್ಕಿಗಳು ಬಂದಾಗ ಹೊಟ್ಟೆ ತುಂಬಿಸಿಕೊಂಡು ಉಳಿದ ದಿನ ಹಸಿದಿರಬೇಕಾದ ಆ ನೆಲ, ಎಷ್ಟೋ ತಲೆಮಾರುಗಳಲ್ಲಿ ಅವುಗಳ ರಕ್ತಕ್ಕೇ ಇಳಿದುಬಿಟ್ಟಿತ್ತು. ಜಾಗ ಎಂದರೆ ವಿಳಾಸ ಮಾತ್ರವಲ್ಲ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಆ ಗುಲಾಬಿ ಹಾವಿನ ಊರಿಗೆ ಬರೋಣ. ಹೊಂಡುರಾಸ್‌ನ ಉತ್ತರ ಕರಾವಳಿಯಾಚೆ, ಲಾ ಸೈಬಾ ನಗರದ ಈಶಾನ್ಯಕ್ಕೆ ಕಾಯೋಸ್ ಕೊಚಿನೋಸ್ ಎಂಬ ದ್ವೀಪಸಮೂಹವಿದೆ. ಸ್ಪ್ಯಾನಿಷ್‌ನಲ್ಲಿ ಹಂದಿ ದ್ವೀಪಗಳು ಎಂದರ್ಥ. ಹಾಗ್ ಐಲ್ಯಾಂಡ್ ಎಂಬ ಇಂಗ್ಲಿಷ್ ಹೆಸರು ಬಂದದ್ದೂ ಅದರಿಂದಲೇ. ಎರಡು ಗುಡ್ಡದ ದ್ವೀಪಗಳು, ಉಳಿದವು ಹವಳದ ಮರಳಿನ ತುಣುಕುಗಳು. ದೊಡ್ಡ ದ್ವೀಪವೇ ಎರಡು ಚದರ ಕಿಲೋಮೀಟರ್ ತುಂಬುವುದಿಲ್ಲ. ಒಂದು ಬೆಳಗಿನಲ್ಲಿ ಅಡ್ಡಹಾಯಬಹುದಾದ ಈ ನೆಲದಿಂದ 1970ರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಸಾವಿರಾರು ಬೋವಾಗಳನ್ನು ಹಿಡಿದು, ಸಾಕುಪ್ರಾಣಿ ವ್ಯಾಪಾರಕ್ಕಾಗಿ ಹೊರದೇಶಕ್ಕೆ ಸಾಗಿಸಿದರು. ಸಾಧು ಸ್ವಭಾವ, ಅಂಗೈಗೆ ಒಗ್ಗುವ ಗಾತ್ರ, ಮತ್ತು ಆ ಬಣ್ಣ. ಹಿಡಿಯುವವರಿಗೆ ಇನ್ನೇನು ಬೇಕು? ದ್ವೀಪದಲ್ಲಿ ಹಾವು ಮುಗಿದೇ ಹೋಯಿತು ಎನ್ನುವ ಮಾತು ಹಬ್ಬಿತು.

ಮುಗಿದಿರಲಿಲ್ಲ. 1993ರಲ್ಲಿ ಆ ದ್ವೀಪಗಳಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಮುಂದಿನ ದಶಕದಲ್ಲಿ ರಾಬರ್ಟ್ ರೀಡ್, ಬೊಬ್ಯಾಕ್ ಮೊದಲಾದವರ ತಂಡ ಮರಮರ ಹುಡುಕಿ ಹಾವುಗಳನ್ನು ಎಣಿಸಿತು, ಗುರುತು ಹಾಕಿತು. ಬೋವಾ ಚೇತರಿಸಿಕೊಂಡಿದೆ, ಆದರೆ ಕಳ್ಳತನದ ಹಿಡಿಯುವಿಕೆ ನಿಂತಿಲ್ಲ ಎಂಬುದು 2007ರಲ್ಲಿ ಅವರು ಬರೆದದ್ದರ ಸಾರ. ಇದನ್ನು ಓದಿದ ದಿನ ನನಗಾದ ಸಂತೋಷವನ್ನು ಹೇಳತೀರದು.

ಸಾಕುವ ಗೆಳೆಯರು ಇಲ್ಲಿ ಒಂದು ಮಾತು ಹೇಳುತ್ತಾರೆ: "ನಾವು ಮರಿ ಮಾಡಿಸಿದ್ದರಿಂದಲೇ ಈ ತಳಿ ಉಳಿಯಿತು." ಇದರಲ್ಲಿ ನಿಜವಾದ ಒಂದು ಪಾಲಿದೆ, ಪೆಟ್ಟಿಗೆಯಲ್ಲಿ ಹುಟ್ಟಿದ ಮರಿ ಸಿಗುವಾಗ ಕಾಡಿನದ್ದಕ್ಕೆ ಗಿರಾಕಿ ಕಡಿಮೆ. ಆದರೆ ದ್ವೀಪದಲ್ಲಿ ಹಾವು ಮರಳಿದ್ದು ಯಾರ ಪೆಟ್ಟಿಗೆಯ ದಯೆಯಿಂದಲೂ ಅಲ್ಲ. ರಾಶಿ ರಾಶಿ ಹಿಡಿಯುವುದು ನಿಂತಿತು, ಕಾವಲು ಬಂತು, ಅಲ್ಲೇ ತಪ್ಪಿಸಿಕೊಂಡು ಉಳಿದ ಹಾವುಗಳು ಮರಿ ಹಾಕಿದವು.

ಪೆಟ್ಟಿಗೆಯೊಳಗೆ ನಡೆಯುವುದು ಬೇರೆಯೇ ಆಯ್ಕೆ. ಅಲ್ಲಿ ಹಕ್ಕಿಗಾಗಿ ಕಾದು ತಿಂಗಳುಗಟ್ಟಲೆ ಹಸಿದಿರುವ ಪ್ರಸಂಗವಿಲ್ಲ. ಇಲಿ ತಪ್ಪದೆ ಬರುತ್ತದೆ. ಬಡಕಲು ಮರಿಯೂ ಬದುಕುತ್ತದೆ. ಮುಂದಿನ ತಾಯಿ ಯಾವುದಾಗಬೇಕು ಎಂದು ಆರಿಸುವವನು ಮನುಷ್ಯ, ಅವನ ಕಣ್ಣು ಹೋಗುವುದು ಎಲ್ಲಕ್ಕಿಂತ ಗುಲಾಬಿಯಾಗಿರುವ ಮರಿಯ ಮೇಲೆ. ಹೀಗೆ ಹತ್ತು ತಲೆಮಾರು ಕಳೆದರೆ ಉಳಿಯುವುದು ದ್ವೀಪದ ಹಾವಲ್ಲ, ನಮ್ಮ ಕಣ್ಣಿಗೆ ಒಪ್ಪಿದ ಹಾವು. ಸಾಕುವವರ ತಪ್ಪನ್ನು ಎತ್ತಿ ಆಡುವುದು ನನ್ನ ಉದ್ದೇಶವಲ್ಲ. ಎಷ್ಟು ಶ್ರದ್ಧೆಯಿಂದ ಸಾಕಿದರೂ ಇದು ಆಗುತ್ತದೆ. ಆಗುತ್ತಿದೆ ಎಂದು ಒಪ್ಪಿಕೊಳ್ಳಬೇಕು ಎನ್ನುವುದಷ್ಟೇ ನನ್ನ ಮಾತು.

ಅರ್ಜೆಂಟೀನಾದ ಬೋವಾವನ್ನೇ ನೋಡಿ. ಕಪ್ಪು ಮೈಮೇಲೆ ಬಿಳಿ ಬಲೆ ಹರಡಿದಂತಹ ಭವ್ಯ ಹಾವು. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದಲ್ಲಿ, ಅತ್ಯಂತ ಬಿಗಿ ರಕ್ಷಣೆಯ ಮೊದಲ ಅನುಬಂಧದಲ್ಲಿ 1987ರಿಂದ ಇರುವ ಏಕೈಕ ಬೋವಾ ಕನ್‌ಸ್ಟ್ರಿಕ್ಟರ್ ಉಪಪ್ರಭೇದ ಇದು. ಸಾಕುವವರಲ್ಲಿ ಇದರ ಮರಿಗಳಿಗೆ ಬರವಿಲ್ಲ. ಅತ್ತ ಅದರ ನೆಲೆಯಾದ, ದಕ್ಷಿಣ ಅಮೆರಿಕದ ಗ್ರಾನ್ ಚಾಕೋ ಬಯಲಿನ ಒಣಕಾಡನ್ನು ಸೋಯಾ ಬೆಳೆಗೂ ದನಗಳ ಹುಲ್ಲುಗಾವಲಿಗೂ ಬುಲ್ಡೋಜರ್ ಹಚ್ಚಿ ಕೆಡವುತ್ತಿದ್ದಾರೆ. ಪೆಟ್ಟಿಗೆಗಳ ಸಂಖ್ಯೆಯನ್ನು ಮುಂದಿಟ್ಟು ಈ ಹಾವು ಕ್ಷೇಮವಾಗಿದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಸಾಕಿದ್ದನ್ನೇ ತಂದು ಕಾಡಿಗೆ ಬಿಡಬಹುದಲ್ಲ ಎಂದು ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ. ಸಾಕಿದ ಬೋವಾಗಳಲ್ಲಿ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಎಂಬ ಅಂಟುರೋಗವಿದೆ. ಅದರ ಹಿಂದೆ ಅರೆನಾವೈರಸ್ ಬಳಗದ ವೈರಸ್ ಇದೆ ಎಂಬುದು 2012ರಲ್ಲಿ ಬೆಳಕಿಗೆ ಬಂತು. ಹೊರನೋಟಕ್ಕೆ ಗಟ್ಟಿಮುಟ್ಟಾಗಿರುವ ಹಾವು ಅದನ್ನು ವರ್ಷಗಟ್ಟಲೆ ಹೊತ್ತು ತಿರುಗಬಲ್ಲದು. ಎರಡು ಚದರ ಕಿಲೋಮೀಟರ್ ಇಲ್ಲದ ದ್ವೀಪಕ್ಕೆ ಅಂಥ ಒಂದು ಹಾವು ಹೋದರೆ ಏನಾದೀತು, ಯೋಚಿಸಿ. ತನ್ನದಲ್ಲದ ದ್ವೀಪಕ್ಕೆ ಬೋವಾ ಹೋಗಿ ಬೇರೂರಿದ್ದಕ್ಕೆ ಕೆರಿಬಿಯನ್ ಸಮುದ್ರದ ಅರೂಬಾ, ಕೊಜುಮೆಲ್ ದ್ವೀಪಗಳು ಕಣ್ಣೆದುರಿಗೇ ಇವೆ. ಬೆಲೆ ತೆರುತ್ತಿರುವುದು ಅಲ್ಲಿನ ಹಕ್ಕಿಗಳು, ಸಣ್ಣ ಪ್ರಾಣಿಗಳು.

ಅಪರೂಪದ ಬೋವಾ ಕಂಡವರಿಗೆ ಇನ್ನೊಂದು ಬಿನ್ನಹ. ಕಾಡಿನಲ್ಲಿ ತೆಗೆದ ಚಿತ್ರದ ಜೊತೆಗೆ ಯಾವ ಹಳ್ಳ, ಯಾವ ಗುಡ್ಡ ಎಂದು ಬರೆಯಬೇಡಿ. ಹಾವಿಗೆ ಊರಿನ ಹೆಸರಿನಿಂದ ಬೆಲೆ ಏರುವಾಗ, ಊರಿನ ದಾರಿ ತೋರಿಸಿದವರೂ ಹಿಡಿದವರ ಜೊತೆಗಾರರಾಗುತ್ತಾರೆ.

ಮತ್ತೆ ಆ ನೋಟ್‌ಪುಸ್ತಕ. ಸಾಕುವುದನ್ನು ನಾನು ಪೂರ್ತಿ ತಿರಸ್ಕರಿಸದಿರುವುದು ಅದರ ದೆಸೆಯಿಂದ. ಹಾಗ್ ಐಲ್ಯಾಂಡ್ ಹಾವನ್ನು ಕೊಲಂಬಿಯಾದ ಹಾವಿನೊಂದಿಗೆ ಕೂಡಿಸಿದರೂ ಮರಿಗಳು ತಿಳಿಬಣ್ಣದವೇ ಆಗಬಹುದು. ಮಾರುವವರು ಅವಕ್ಕೂ ದ್ವೀಪದ ಹೆಸರನ್ನೇ ಅಂಟಿಸಿದರೆ ಕೊಳ್ಳುವವರಿಗೆ ಕಣ್ಣಿನಿಂದ ಪತ್ತೆಹಚ್ಚಲಾಗದು; ಆಗ ಆಸರೆ ಇಂಥ ಪುಸ್ತಕ ಮಾತ್ರ. ಒಮ್ಮೆ ಬೆರೆತ ಮೇಲೆ ಬಿಡಿಸುವ ದಾರಿಯಿಲ್ಲ.

ಆ ಪುಸ್ತಕದ ನಡುವೆ ಒಂದು ಪುಟದಲ್ಲಿ ಹದಿನಾಲ್ಕು ಮರಿಗಳ ಲೆಕ್ಕವಿತ್ತು. ತಂದೆ ಎಂಬ ಕಡೆ ಮೊದಲು ಬರೆದಿದ್ದ ಸಂಖ್ಯೆಯನ್ನು ಹೊಡೆದುಹಾಕಿ, ಬೇರೆ ಶಾಯಿಯಲ್ಲಿ "ಖಚಿತವಿಲ್ಲ" ಎಂದು ಬರೆದಿದ್ದರು. ಯಾಕೆ ಎಂದು ಕೇಳಿದೆ. ಆ ವರ್ಷ ಗಂಡನ್ನು ಕೊಟ್ಟಿದ್ದವರ ದಾಖಲೆಯಲ್ಲಿ ತಪ್ಪಿದೆಯೆಂದು ಆಮೇಲೆ ತಿಳಿಯಿತಂತೆ. ಒಂದನ್ನು ಬಿಟ್ಟು ಉಳಿದ ಹದಿಮೂರನ್ನೂ ದ್ವೀಪದ ಹೆಸರಿಲ್ಲದೆ, ಬರೀ ಬೋವಾ ಎಂದು ಕೊಟ್ಟುಬಿಟ್ಟರಂತೆ. ಆ ಒಂದನ್ನು ತಾವೇ ಇಟ್ಟುಕೊಂಡಿದ್ದರು. ಕೋಣೆಯ ಮೂಲೆಯ ಪೆಟ್ಟಿಗೆಯಲ್ಲಿತ್ತು, ಅಷ್ಟೇ ಗುಲಾಬಿ, ಅಷ್ಟೇ ಚೆಲುವು. ಅದರ ಮೇಲೆ ಚೀಟಿ ಇರಲಿಲ್ಲ.