ಠಾಣೆ ಎದುರಿನ ಕಟ್ಟೆ ಮೇಲೆ ಕೂತಿದ್ದ ತಾಯಿ

ಹೋದ ವರ್ಷ ಒಂದು ಬೆಳಗ್ಗೆ ಆರೂವರೆಗೆ ನಮ್ಮ ಹೈಸ್ಕೂಲಿನ ಹುಡುಗನೊಬ್ಬನ ತಾಯಿ ಮನೆ ಬಾಗಿಲಿಗೆ ಬಂದರು. ಬೈಕ್ ಕದ್ದ ಅಂತ ಮಗನನ್ನು ಹಿಂದಿನ ದಿನ ಪೊಲೀಸರು ಕರೆದುಕೊಂಡು ಹೋಗಿದ್ದರು. ಆಕೆ ರಾತ್ರಿಯೆಲ್ಲ ಠಾಣೆ ಎದುರಿನ ಕಟ್ಟೆ ಮೇಲೆ ಕೂತಿದ್ದರಂತೆ.

“ಒಳಗೆ ಹೋಗಿ ಕೇಳಬೇಕಿತ್ತಲ್ಲಮ್ಮಾ” ಅಂದೆ.

“ನಾವೇನು ಕೇಳೋದು ಸಾರ್. ಒಪ್ಕೊಂಡ್ರೆ ಬೇಗ ಬಿಡ್ತಾರೆ ಅಂತ ಎಲ್ರೂ ಹೇಳ್ತಿದಾರೆ.”

ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕೇಳುವ ಹಕ್ಕು ಆಕೆಗಿತ್ತು. ಹದಿನೆಂಟು ತುಂಬದ ಮಗುವನ್ನು ಹಿಡಿದರೆ ತಂದೆತಾಯಿಗೆ ತಿಳಿಸಬೇಕು, ಬಾಲ ನ್ಯಾಯ ಮಂಡಳಿ ಮುಂದೆ ಬನ್ನಿ ಅಂತ ಹೇಳಬೇಕು. ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ತೊಡಿಸುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ಹಾಜರುಪಡಿಸಬೇಕು. 2015ರ ಬಾಲ ನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ಇದೆಲ್ಲ ಸ್ಪಷ್ಟವಾಗಿದೆ.

ಆದರೆ ಠಾಣೆಯಲ್ಲಿ ಅವನ ವಯಸ್ಸು 19 ಅಂತ ಬರೆದುಕೊಂಡಿದ್ದರು. ಹುಡುಗ ಎತ್ತರ, ಮೀಸೆ ಬೇರೆ ಚಿಗುರಿತ್ತು. ನಾನು ಶಾಲೆ ತೆಗೆಸಿ, ದಾಖಲಾತಿ ರಿಜಿಸ್ಟರ್ ನೋಡಿ ಜನ್ಮ ದಿನಾಂಕದ ಪ್ರಮಾಣಪತ್ರ ಮಾಡಿಸಿಕೊಟ್ಟೆ. ಹದಿನಾರು ತುಂಬಲು ಇನ್ನೂ ಎರಡು ತಿಂಗಳಿತ್ತು! ವಯಸ್ಸಿನ ಪ್ರಶ್ನೆ ಬಂದರೆ ಕಾನೂನು ಮೊದಲು ನೋಡುವುದು ಶಾಲೆಯ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ದಾಖಲೆ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪ್ರಮಾಣಪತ್ರ. ಯಾವುದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಕೇಸು ಮುಗಿದ ಮೇಲೂ ವಯಸ್ಸಿನ ಮಾತು ಎತ್ತಬಹುದು.

ಮಂಡಳಿ ಅಂದರೆ ಕಟಕಟೆ ಇರುವ ಕೋರ್ಟಲ್ಲ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ವಕೀಲರಿಗೆ ದುಡ್ಡಿಲ್ಲ ಅಂತ ಆಕೆ ಸೆರಗಿನ ಗಂಟು ಬಿಚ್ಚುತ್ತಿದ್ದರು. ಬೇಡಮ್ಮಾ ಅಂದೆ. ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ.

ಜಾಮೀನಿನ ವಿಷಯವಂತೂ ಪ್ರತಿ ತಂದೆತಾಯಿಗೂ ಗೊತ್ತಿರಲೇಬೇಕು. ದೊಡ್ಡವರಿಗೆ ಜಾಮೀನು ಸಿಗದಂಥ ಆರೋಪವಿದ್ದರೂ ಮಗುವನ್ನು ಬಿಡಬೇಕು ಎನ್ನುವುದೇ ನಿಯಮ. ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ, ಅಥವಾ ನ್ಯಾಯಕ್ಕೆ ಅಡ್ಡಿ ಅಂತ ಅನಿಸಿದರೆ ಮಾತ್ರ ಮಂಡಳಿ ನಿರಾಕರಿಸಬಹುದು, ಅದಕ್ಕೂ ಕಾರಣ ಬರೆಯಬೇಕು. ಜಾಮೀನಿನ ಷರತ್ತು ಪೂರೈಸಲಾಗದೆ ಮಗು ಏಳು ದಿನ ವೀಕ್ಷಣಾಲಯದಲ್ಲೇ (ಕೇಸು ನಡೆಯುವಾಗ ಮಕ್ಕಳನ್ನು ಇಡುವ ಮನೆ) ಉಳಿದರೆ, ಷರತ್ತು ಬದಲಿಸಲು ಮತ್ತೆ ಮಂಡಳಿ ಮುಂದೆ ತರಬೇಕು. ಬಡವರ ಮಕ್ಕಳಿಗೆ ಇದು ಎಷ್ಟು ದೊಡ್ಡದು, ಅಲ್ವಾ?

ಮಗುವಿನ ಹಿನ್ನೆಲೆ ವಿಚಾರಿಸಿ ಮಂಡಳಿಗೆ ವರದಿ ಕೊಡುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮನೆಗೆ ಬಂದರೆ ಹೆದರಬೇಡಿ. ಅವರ ವರದಿಯಲ್ಲಿ ಮಗುವಿನ ಓದು, ಮನೆಯ ಕಷ್ಟ ಎಲ್ಲ ಬರುತ್ತದೆ. ಮಂಡಳಿ ಏನು ಮಾಡಬೇಕೆಂದು ಯೋಚಿಸುವಾಗ ಅದನ್ನು ನೋಡುತ್ತದೆ. ಮುಚ್ಚಿಡದೆ ಮಾತಾಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಊರಿನ ವಾಟ್ಸಾಪ್ ಗುಂಪಿನಿಂದ. ಅಷ್ಟರಲ್ಲೇ ಹುಡುಗನ ಫೋಟೋ ಹರಿದಾಡಿತ್ತು, ‘ಕಳ್ಳ’ ಅನ್ನೋ ಹೆಸರಿನ ಜೊತೆ. ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಹಾಕಿದವರಿಗೆ ಫೋನ್ ಮಾಡಿ ಅಳಿಸಿಸಿದೆ, ಆದರೆ ಶಾಲೆಯ ಮಕ್ಕಳೆಲ್ಲ ನೋಡಿಯಾಗಿತ್ತು.

ಮಂಡಳಿಯಲ್ಲಿ ಆ ತಾಯಿಯನ್ನು “ನೀವೇನು ಹೇಳ್ತೀರಮ್ಮಾ?” ಅಂತ ಕೇಳಿದರು. ಆಕೆ ನನ್ನ ಕಡೆ ನೋಡಿದರು. ಆಮೇಲೆ ತಾವೇ ಮಾತಾಡಿದರು, ಹತ್ತು ನಿಮಿಷ. ಸಂಜೆ ಮಗನ ಜೊತೆ ಬಸ್ಸು ಹತ್ತಿದರು.

ಇಂಥ ಪರಿಸ್ಥಿತಿ ಯಾರಿಗಾದರೂ ಬಂದರೆ ಕಾನೂನು ನೆರವಿಗೆ 15100, ಮಕ್ಕಳ ಸಹಾಯವಾಣಿ 1098. ನಮ್ಮ ಶಾಲೆಯ ಮಗುವಾದರೆ ಭಾನುವಾರವಾದರೂ ಸರಿ, ನನಗೆ ಹೇಳಿ. ರಿಜಿಸ್ಟರ್ ತೆಗೆಸುತ್ತೇನೆ.